ಡೇಟಾಬೇಸ್ ಸರ್ವರುಗಳ ದುರಸ್ತಿ
ಬ್ಯಾಂಕು, ಆಸ್ಪತ್ರೆ, ರೇಲ್ವೆಗಳ ಲೆಕ್ಕಪತ್ರವೆಲ್ಲ ಈಗ ಡೇಟಾಬೇಸ್ ಸರ್ವರುಗಳಲ್ಲಿರುವದನ್ನು ನಮ್ಮ ವಾಚಕರು ಬಲ್ಲರು. ಅವುಗಳ ತಂತ್ರಾಂಶದಲ್ಲಿ ದೋಷ ಕಂಡಾಗ ತಯಾರಕರು ಪ್ಯಾಚ್ ಎಂಬ ದುರಸ್ತಿಯನ್ನು ಹೊರಡಿಸುತ್ತಾರೆ. ಅದನ್ನು ಹಾಕಿದರೆ ನಡೆಯುತ್ತಿರುವ ಕೆಲಸವೇ ನಿಂತೀತೆಂಬ ಅಂಜಿಕೆಯಿಂದ ಅನೇಕ ಕಚೇರಿಗಳು ತಿಂಗಳುಗಟ್ಟಲೆ ಸುಮ್ಮನಿರುತ್ತವೆ.

ಈ ಉಪೇಕ್ಷೆಯ ಫಲವನ್ನು ಲೋಕವು 2003ರ ಜನವರಿ 25ರಂದು ಉಂಡಿತು. ಕೇವಲ 376 ಬೈಟುಗಳ 'ಸ್ಲ್ಯಾಮರ್' ಎಂಬ ಹುಳುವು ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರುಗಳನ್ನು ಹೊಕ್ಕು, ತನಗೆ ಈಡಾಗಬಲ್ಲ ಯಂತ್ರಗಳಲ್ಲಿ ನೂರಕ್ಕೆ ತೊಂಬತ್ತನ್ನು ಹತ್ತೇ ನಿಮಿಷಗಳಲ್ಲಿ ಆಕ್ರಮಿಸಿತು. ಬ್ಯಾಂಕ್ ಆಫ್ ಅಮೆರಿಕದ ಸಾವಿರಾರು ಎ.ಟಿ.ಎಂ.ಗಳು ಹಣ ಕೊಡದೆ ನಿಂತವು. ಪ್ಯಾಚ್ ಮಾತ್ರ 2002ರ ಜುಲೈಯಲ್ಲಿಯೇ ಬಂದಿದ್ದಿತು! ಅದನ್ನು ಹೊರಡಿಸಿದ ಮೈಕ್ರೋಸಾಫ್ಟಿನ ಸ್ವಂತ ಯಂತ್ರಗಳೇ ಪಾರಾಗಲಿಲ್ಲವೆಂದ ಮೇಲೆ ಇತರರ ಪಾಡೇನು? ಬೇರೆ ತಂತ್ರಾಂಶದೊಳಗೆ ಅಡಗಿ ಬಂದ ಡೇಟಾಬೇಸ್ ತಮ್ಮಲ್ಲಿರುವದೇ ಹಲವರಿಗೆ ತಿಳಿದಿರಲಿಲ್ಲ.

ಆದರೂ ಅಂಜುವವರ ಮಾತು ಪೊಳ್ಳಲ್ಲ. 2024ರ ನವೆಂಬರ್ 14ರಂದು ಹೊರಬಿದ್ದ ಪೋಸ್ಟ್‌ಗ್ರೆಸ್‌ನ ರಕ್ಷಣಾ ಆವೃತ್ತಿಗಳು, ಅದನ್ನವಲಂಬಿಸಿದ ಟೈಮ್‌ಸ್ಕೇಲ್‌ಡಿಬಿಯಂಥ ವಿಸ್ತರಣೆಗಳ ಹೊಂದಿಕೆಯನ್ನು ಕೆಡಿಸಿದವು. ಏಳೇ ದಿನಗಳಲ್ಲಿ ಮರುದುರಸ್ತಿ ಹೊರಡಿಸಬೇಕಾಯಿತು.

ಹಾಗೆಂದು ಕೈಕಟ್ಟಿ ಕೂಡ್ರುವದೇ? ಯಾವ ಸರ್ವರಿನ ಮೇಲೆ ಯಾವ ಯಾವ ವ್ಯವಸ್ಥೆಗಳು ನಿಂತಿವೆಯೆಂಬ ಪಟ್ಟಿ ಮೊದಲು ಸಿದ್ಧವಾಗಲಿ. ಅಸಲಿನ ಪಡಿಯಚ್ಚಿನಂಥ ಪರೀಕ್ಷಾ ಸರ್ವರಿಗೆ ಪ್ಯಾಚ್ ಹಾಕಿ, ಅವೆಲ್ಲವನ್ನೂ ಅಲ್ಲಿ ನಡೆಯಿಸಿ ನೋಡತಕ್ಕದ್ದು. ಬ್ಯಾಕಪ್ ಇದ್ದರಷ್ಟೇ ಸಾಲದು. ಅದರಿಂದ ದತ್ತಾಂಶವನ್ನು ಮರಳಿ ಪಡೆದು ನೋಡಿರಬೇಕು. ಪರೀಕ್ಷಾ ಸರ್ವರಿಗೆ ಹಣವಿಲ್ಲವೆಂದು ಹೇಳಿ, ನಡುರಾತ್ರಿಯಲ್ಲಿ ಒಬ್ಬ ಇಂಜಿನಿಯರನ ತಲೆಗೆ ಹೊಣೆಯನ್ನೆಲ್ಲ ಕಟ್ಟುವ ಮೇಲಧಿಕಾರಿಗಳು ಆ ವೆಚ್ಚವನ್ನು ಬರುವ ವರ್ಷದ ಅಂದಾಜುಪತ್ರದಲ್ಲಿಯೇ ಸೇರಿಸಬೇಕೆಂದು ನಾವು ಆಗ್ರಹಪಡಿಸುತ್ತೇವೆ.