ಕಡಿಮೆ ದರದ ಬೆಲೆ ತೆರುವವರು ಯಾರು?

ಸರ್ಕಾರಿ ಖರೀದಿ ಮತ್ತು ಗುತ್ತಿಗೆಯ ನಿಯಮಗಳು ಸುಧಾರಣೆಗೊಳ್ಳುತ್ತಿವೆ, ಕಂಪನಿಗಳು ಅವುಗಳಿಗೆ ಹೊಂದಿಕೊಳ್ಳಬೇಕು ಎಂಬ ಉಪದೇಶ ಇಂದು ಎಲ್ಲೆಡೆ ಕೇಳಿಬರುತ್ತಿದೆ. ಯಾರು ಹೊಂದಿಕೊಂಡರು, ಆ ಹೊಂದಾಣಿಕೆಯ ಹೊರೆ ಯಾರ ಹೆಗಲಿಗೆ ಬಿತ್ತು ಎಂದು ಕೇಳುವವರು ಮಾತ್ರ ವಿರಳ. ಟೆಂಡರ್ ಎಂಬುದು ಬೆಂಗಳೂರಿನ ಕಚೇರಿಗಳ ವ್ಯವಹಾರ, ಗುಡ್ಡದ ಮೇಲಿನ ನಮಗೇಕೆ ಎಂದು ಮಲೆನಾಡಿನ ಮಿತ್ರರು ಭಾವಿಸಿದ್ದರೆ ಆ ಭಾವನೆಯನ್ನು ಈಗಲೇ ಬಿಡಬೇಕು. ನಮ್ಮ ಗುಡ್ಡದ ಹಣೆಬರಹ ಬರೆಯುವುದು ಆ ಕಾಗದಗಳಲ್ಲಿಯೇ.

ಸುಧಾರಣೆಯೇ ಆಗಿಲ್ಲವೆಂದರೆ ಅನ್ಯಾಯವಾದೀತು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ 1999ರದು. 2000ದಲ್ಲಿ ಜಾರಿಗೆ ಬಂದಿತು. 2007ರಲ್ಲಿ ಇ-ಪ್ರೊಕ್ಯೂರ್‌ಮೆಂಟ್ ಆರಂಭವಾದ ಮೇಲೆ ಟೆಂಡರ್ ಪೆಟ್ಟಿಗೆಯ ಮುಂದೆ ನಿಂತು ಎದುರಾಳಿಯನ್ನು ಬೆದರಿಸಿ ಕಳಿಸುವ ಕಾಲ ಹಿಂದೆ ಸರಿಯಿತು. ಆದರೆ ಅದೇ ಕಾನೂನಿನ 4(ಜಿ) ಕಲಮಿನಡಿ ಸರ್ಕಾರ ವಿನಾಯಿತಿ ನೀಡಬಹುದು. ಬಾಗಿಲಿಗೆ ಬೀಗ ಜಡಿದು ಕಿಟಕಿ ತೆರೆದಿಟ್ಟಂತೆ. 2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವೇ ಶೇ. 40ರ ಕಮಿಷನ್ ಆರೋಪವನ್ನು ಪ್ರಧಾನಿಗೆ ಬರೆದು ತಿಳಿಸಬೇಕಾಯಿತು. ಅದು ಒಂದು ಕಥೆ. ಕಾನೂನು ಅಚ್ಚುಕಟ್ಟಾಗಿ ಪಾಲನೆಯಾದಾಗಲೂ ಆಗುವ ಹಾನಿಯ ಕಥೆ ಇನ್ನೊಂದು. ನಮಗೆ ಮುಖ್ಯವಾದದ್ದು ಅದು.

ಬೆಂಗಳೂರಿನ ಪಶ್ಚಿಮ ಭಾಗದ ಮೂಡಲಪಾಳ್ಯವನ್ನು ಗಮನಿಸಿ. ಅಲ್ಲಿಯೂ ಸಮೀಪದ ಕಾಮಾಕ್ಷಿಪಾಳ್ಯದಲ್ಲಿಯೂ ಲೇತ್, ವೆಲ್ಡಿಂಗ್, ಫ್ಯಾಬ್ರಿಕೇಶನ್‌ಗಳನ್ನು ನಂಬಿದ ಸಣ್ಣ ವರ್ಕ್‌ಶಾಪ್‌ಗಳಿವೆ. ಇಂಥ ವರ್ಕ್‌ಶಾಪಿನ ಮಾಲೀಕ ಇಂದು ಕಂಪ್ಯೂಟರ್ ಮುಂದೆ ಕುಳಿತು ಸರ್ಕಾರದ ಯಾವ ಟೆಂಡರನ್ನಾದರೂ ಓದಬಲ್ಲ. ಓದಬಲ್ಲ, ಅಷ್ಟೆ. ಹಿಂದಿನ ವರ್ಷಗಳ ವಹಿವಾಟು, ಅದೇ ಬಗೆಯ ಕಾಮಗಾರಿಯ ಅನುಭವ, ಇ.ಎಂ.ಡಿ. ಠೇವಣಿ, ಇವುಗಳಲ್ಲೇ ಅವನ ದಾರಿ ಮುಗಿಯುತ್ತದೆ. ಕೇಂದ್ರದ ಖರೀದಿಯಲ್ಲಿ ಕಿರು ಮತ್ತು ಸಣ್ಣ ಉದ್ಯಮಗಳಿಗೆ ಶೇ. 25ರ ಪಾಲೂ ಠೇವಣಿಯ ವಿನಾಯಿತಿಯೂ ಉಂಟು. ಆದರೆ ಆ ಪಾಲು ಸರಕು ಮತ್ತು ಸೇವೆಗಳಿಗೆ. ನೂರಾರು ಕೋಟಿಯ ಕಾಮಗಾರಿಯನ್ನು ಒಂದೇ ಪ್ಯಾಕೇಜಾಗಿ ಕಟ್ಟಿದಾಗ ದೊಡ್ಡ ಕಂಪನಿ ಒಳಗೆ ಹೋಗುತ್ತದೆ. ಅದರ ತುಂಡು ಕೆಲಸವಷ್ಟೇ ಗಲ್ಲಿಗೆ ಬರುತ್ತದೆ. ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು ಎಂದು 2006ರ ಕಾಯಿದೆ ಹೇಳುತ್ತದೆ. ಮುಂದಿನ ತಿಂಗಳ ಕೆಲಸ ಕೊಡಬೇಕಾದವನ ಮೇಲೆಯೇ ದೂರು ಬರೆಯುವ ಧೈರ್ಯ ಯಾರಿಗಿದೆ?

ಅತಿ ಕಡಿಮೆ ದರ ಹಾಕಿ ಗೆದ್ದವನು ಆ ಕಡಿತವನ್ನು ಎಲ್ಲಿಂದಲಾದರೂ ತುಂಬಿಕೊಳ್ಳಲೇಬೇಕು. ಊರಿನಲ್ಲಿ ವರ್ಕ್‌ಶಾಪಿನ ಬಿಲ್ಲಿನಿಂದ; ಘಟ್ಟದಲ್ಲಿ ಹಳ್ಳದಿಂದ. ಇದು ಅಲಂಕಾರದ ಮಾತಲ್ಲ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಮಣ್ಣು ಅಗೆತಕ್ಕೆ ಘನ ಮೀಟರಿನ ಲೆಕ್ಕದಲ್ಲಿ ದರವಿರುತ್ತದೆ. ಅಗೆದ ಮಣ್ಣನ್ನು ಸಾಗಿಸುವ ದೂರಕ್ಕೆ ‘ಲೀಡ್’ ಎನ್ನುತ್ತಾರೆ. ಅಲ್ಪ ದೂರದ ಲೀಡ್ ಮೂಲ ದರದಲ್ಲಿಯೇ ಸೇರಿರುತ್ತದೆ. ಅದಕ್ಕಿಂತ ದೂರಕ್ಕೆ ಪ್ರತ್ಯೇಕ ಹಣ. ಟೆಂಡರಿನಲ್ಲಿ ಮಣ್ಣು ಸುರಿಯುವ ಸ್ಥಳವನ್ನು ಸ್ಪಷ್ಟವಾಗಿ ಗುರುತಿಸಿಲ್ಲವೆಂದಿಟ್ಟುಕೊಳ್ಳಿ. ಹತ್ತು ಕಿಲೋಮೀಟರ್ ಸಾಗಿಸುವ ಪ್ರಾಮಾಣಿಕನ ದರ ಹೆಚ್ಚಾಗಿ ಅವನು ಸೋಲುತ್ತಾನೆ. ರಸ್ತೆಯಂಚಿನಿಂದಲೇ ಕೆಳಗೆ ತಳ್ಳುವೆನೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದವನು ಗೆಲ್ಲುತ್ತಾನೆ. ಮೊದಲ ಮಳೆಗೆ ಆ ಮಣ್ಣು ಯಾರ ಗದ್ದೆಗೆ, ಯಾರ ಅಡಿಕೆ ತೋಟಕ್ಕೆ ಇಳಿಯುತ್ತದೆ ಎಂಬುದು ನಮಗೆ ಗೊತ್ತು, ದರಪಟ್ಟಿಗೆ ಗೊತ್ತಿಲ್ಲ.

ಕ್ರಮವೂ ತಲೆಕೆಳಗು. ಲಿಂಗನಮಕ್ಕಿಯ ಮುಳುಗಡೆಯ ನೋವು ಇನ್ನೂ ಮಾಸದ ಶರಾವತಿ ಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಬರಲಿದೆಯಂತೆ. ಸಿಂಗಳೀಕಗಳ ಅಭಯಾರಣ್ಯದ ಒಡಲಲ್ಲಿ ಸುರಂಗ, ಭೂಗತ ವಿದ್ಯುದಾಗಾರ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ತಾತ್ವಿಕ ಒಪ್ಪಿಗೆ ಕೊಟ್ಟಿದ್ದು 2025ರ ಜೂನ್‌ನಲ್ಲಿ. ಸಾರ್ವಜನಿಕ ಅಹವಾಲು ಸಭೆಗಳು ನಡೆದದ್ದು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ. ಗುತ್ತಿಗೆ ಮಾತ್ರ ಇವೆಲ್ಲಕ್ಕೂ ಮೊದಲೇ ಕೈಸೇರಿತ್ತು! ಸಾವಿರಾರು ಕೋಟಿಯ ಗುತ್ತಿಗೆ ನೀಡಿದ ಮೇಲೆ ಕೇಳುವ ಜನಾಭಿಪ್ರಾಯಕ್ಕೆ ಎಷ್ಟು ತೂಕ?

ಹಾಗಾದರೆ ಕಂಪನಿಗಳು ಯಾವುದಕ್ಕೆ ಹೊಂದಿಕೊಳ್ಳಬೇಕು? ಅರಣ್ಯ ಮತ್ತು ವನ್ಯಜೀವಿ ಅನುಮತಿ ದೊರೆಯದ ಕಾಮಗಾರಿಗೆ ದರ ಹಾಕದಿರುವುದು ಮೊದಲ ಶಿಸ್ತಾಗಬೇಕು. ಮಣ್ಣು ಎಲ್ಲಿಗೆ ಹೋಗುತ್ತದೆಂದು ಬಿಡ್ ಪೂರ್ವ ಸಭೆಯಲ್ಲಿ ಲಿಖಿತವಾಗಿ ಕೇಳಬೇಕು. ತಮ್ಮ ಕೈಕೆಳಗೆ ದುಡಿಯುವ ಸಣ್ಣ ವರ್ಕ್‌ಶಾಪ್‌ಗಳಿಗೆ 45 ದಿನಗಳಲ್ಲಿ ಹಣ ಸಲ್ಲಿಸಬೇಕು. ಹೀಗೆ ನಡೆದವನು ಟೆಂಡರ್ ಕಳೆದುಕೊಳ್ಳುತ್ತಾನೆ ಎಂಬ ಆಕ್ಷೇಪ ಸುಳ್ಳಲ್ಲ. ಆದ್ದರಿಂದಲೇ ಈ ಷರತ್ತುಗಳು ಟೆಂಡರಿನಲ್ಲಿಯೇ ಇರಬೇಕು, ಎಲ್ಲರನ್ನೂ ಸಮನಾಗಿ ಕಟ್ಟಬೇಕು. ಕೇಂದ್ರ ಹಣಕಾಸು ಸಚಿವಾಲಯ 2021ರ ಅಕ್ಟೋಬರ್ 29ರ ಸೂಚನೆಯಲ್ಲಿ, ಗುಣಮಟ್ಟ ಪ್ರಧಾನವೆಂದು ಘೋಷಿಸಿದ ಕಾಮಗಾರಿಗಳಲ್ಲಿ ದರದ ಹೊರತಾದ ಅಂಶಗಳಿಗೆ ಗರಿಷ್ಠ ಶೇ. 30ರ ತೂಕ ಕೊಡಲು ಅವಕಾಶ ಕಲ್ಪಿಸಿದೆ. ಆ 30 ಅಂಕಗಳಲ್ಲಿ ಇಳಿಜಾರಿನ ಭದ್ರತೆಗೆ, ಹಳ್ಳದ ರಕ್ಷಣೆಗೆ ಎಷ್ಟು ಅಂಕ ಎಂದು ಘಟ್ಟದ ಶಾಸಕರು ಎಂದಾದರೂ ಸದನದಲ್ಲಿ ಕೇಳಲಿ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದು ಜನ ಸತ್ತರು. ಇನ್ನೂ ಎಷ್ಟು ಜರಿಯಬೇಕು?

ನಮ್ಮ ಕೆಲಸವೂ ಇದೆ. ರಾಜ್ಯದ ಟೆಂಡರ್ ಪ್ರಕಟಣೆಗಳು ಕರ್ನಾಟಕ ಸಾರ್ವಜನಿಕ ಸಂಗ್ರಹಣೆ ಪೋರ್ಟಲಿನಲ್ಲಿವೆ. ಕಾಲೇಜಿಗೆ ಹೋಗುವ ಮಕ್ಕಳು ತಮ್ಮ ತಾಲೂಕಿನ ರಸ್ತೆ, ಸುರಂಗ, ಕಾಲುವೆಗಳ ಟೆಂಡರುಗಳನ್ನು ಹುಡುಕಲಿ. ಸಿಗದ ಪುಟಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ. ಮಣ್ಣು ಸುರಿಯುವ ಜಾಗದ ಸರ್ವೆ ನಂಬರು ಮತ್ತು ಲೀಡ್‌ನ ದೂರ, ಈ ಎರಡನ್ನು ಬರೆದುಕೊಂಡು ಮುಂದಿನ ಗ್ರಾಮಸಭೆಗೆ ಬನ್ನಿ. ಸರ್ವೆ ನಂಬರೇ ಇಲ್ಲವಾದರೆ, ಇಲ್ಲವೆಂಬುದನ್ನೇ ನಡವಳಿ ಪುಸ್ತಕದಲ್ಲಿ ದಾಖಲಿಸಿ.