ಕವಾಟ ಮುಚ್ಚುವ ಹೊತ್ತು

ಕಾಸರಗೋಡಿನ ಸಮೀಪದಿಂದ ಒಬ್ಬ ತಾಯಿಯವರು ಈ ಅಂಕಣಕ್ಕೆ ಪತ್ರ ಬರೆದಿರುವರು. ಅಮೆರಿಕದ ಮಿಶಿಗನ್ನಿನಲ್ಲಿ ಉದ್ಯೋಗದಲ್ಲಿರುವ ಅವರ ಮಗ 2003ನೆಯ ಇಸವಿಯ ಹಾರ್ಲೆ-ಡೇವಿಡ್‌ಸನ್ ಮೋಟಾರ್ ಸೈಕಲೊಂದನ್ನು ಕೊಂಡಿರುವನಂತೆ. ಈಗ ಅದರ ಕ್ಯಾಮ್‌ಶಾಫ್ಟುಗಳನ್ನು ತೆಗೆದು ಹೆಚ್ಚು ಶಕ್ತಿಯವನ್ನು ಹಾಕಿಸುವ ಹಂಬಲ ಅವನಿಗೆ. “ಇದು ವೇಗದ ಹುಚ್ಚೋ, ಹಣದ ಪೋಲೋ, ನಿಜವಾಗಿ ಬೇಕಾದುದೋ ತಿಳಿಸಿರಿ” ಎಂಬುದು ತಾಯಿಯ ಪ್ರಶ್ನೆ. ಮಕ್ಕಳನ್ನು ದೂರದೇಶಕ್ಕೆ ಕಳುಹಿಸಿದ ಮನೆಗಳು ನಮ್ಮಲ್ಲಿ ಅನೇಕವಿರುವುದರಿಂದ ಉತ್ತರವನ್ನು ಎಲ್ಲರಿಗಾಗಿಯೇ ಬರೆಯುತ್ತಿದ್ದೇನೆ.

ಯಂತ್ರವು ಉಸಿರಾಡುವುದು ಕವಾಟಗಳ ಮೂಲಕ. ಒಂದು ಕವಾಟ ತೆರೆದಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಒಳಬರುವುದು. ಇನ್ನೊಂದು ತೆರೆದಾಗ ಉರಿದ ಹೊಗೆ ಹೊರಹೋಗುವುದು. ಯಾವುದು ಎಷ್ಟು ಹೊತ್ತಿಗೆ ತೆರೆಯಬೇಕು, ಎಷ್ಟು ಎತ್ತರಕ್ಕೆ ಏಳಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ನಿರ್ಣಯಿಸುವುದೇ ಕ್ಯಾಮ್‌ಶಾಫ್ಟ್. ಅದು ಮೊಟ್ಟೆಯಾಕಾರದ ಉಬ್ಬುಗಳುಳ್ಳ ಒಂದು ಉಕ್ಕಿನ ದಂಡ. ಯಂತ್ರದ ಮುಖ್ಯ ದಂಡ ಎರಡು ಸುತ್ತು ತಿರುಗಿದಾಗ ಇದು ಒಂದು ಸುತ್ತು ತಿರುಗುವುದು. ಮಿಲ್ವಾಕಿಯ ಈ ಸಂಸ್ಥೆ 1999ರ ಮಾದರಿಗಳಲ್ಲಿ ತಂದ ‘ಟ್ವಿನ್ ಕ್ಯಾಮ್ 88’ ಎಂಬ 1450 ಸಿ.ಸಿ. ಯಂತ್ರದಲ್ಲಿ ಇಂತಹ ದಂಡಗಳು ಎರಡಿವೆ. ಹೆಸರು ಬಂದುದು ಅದರಿಂದಲೇ. ಮಗನ ಗಾಡಿಯಲ್ಲಿರುವುದು ಇದೇ ಆಗಿರಬೇಕೆಂದು ಪತ್ರದ ವಿವರಗಳಿಂದ ಊಹಿಸಿದ್ದೇನೆ.

ಅಂಗಡಿಯವರು ಮೊದಲು ತೋರಿಸುವುದು ಅಶ್ವಶಕ್ತಿಯ ಅಂಕಿ. ತರುಣರು ಮರುಳಾಗುವುದೂ ಅದಕ್ಕೇ. ಅಶ್ವಶಕ್ತಿಯೆಂಬುದು ತಿರುಚುಬಲವನ್ನು ನಿಮಿಷದ ಸುತ್ತುಗಳಿಂದ ಗುಣಿಸಿ 5252ರಿಂದ ಭಾಗಿಸಿದಾಗ ಬರುವ ಲೆಕ್ಕ. ಬಲವನ್ನು ಪೌಂಡ್-ಅಡಿಗಳಲ್ಲಿ ಹಿಡಿಯತಕ್ಕದ್ದು. ಉದಾಹರಣೆಗಾಗಿ ಎರಡು ಕ್ಯಾಮುಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದು 2500 ಸುತ್ತಿನಲ್ಲಿ 75 ಪೌಂಡ್-ಅಡಿ, 5500ರಲ್ಲಿ 60 ಕೊಡುವುದೆನ್ನಿ. ಎರಡನೆಯದು 2500ರಲ್ಲಿ 62, 5500ರಲ್ಲಿ 70. ಮೇಲಿನ ತುದಿಯಲ್ಲಿ ಮೊದಲನೆಯದಕ್ಕೆ ಸುಮಾರು 63 ಅಶ್ವಶಕ್ತಿ, ಎರಡನೆಯದಕ್ಕೆ 73. ಜಾಹೀರಾತಿನಲ್ಲಿ ಗೆಲ್ಲುವುದು ಎರಡನೆಯದು. ಆದರೆ 2500ರಲ್ಲಿ ಮೊದಲನೆಯದು ಸುಮಾರು 36 ಕೊಟ್ಟರೆ ಎರಡನೆಯದು 30ನ್ನೂ ಮುಟ್ಟುವುದಿಲ್ಲ. ಇಂತಹ ಭಾರಿ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸುವಾಗ ಯಂತ್ರವು ಬಹುಪಾಲು ಹೊತ್ತು ಸುತ್ತುವುದು 2000 ಮತ್ತು 3500ರ ನಡುವೆ. ಎಂದಮೇಲೆ ಹೆಚ್ಚು ಹಣ ತೆತ್ತು ದಿನನಿತ್ಯದ ಬಲವನ್ನು ಕಳೆದುಕೊಂಡಂತಾಗಲಿಲ್ಲವೆ?

ಹೀಗೇಕೆ ಆಗುವುದೆಂದರೆ, ಒಳಗವಾಟ ಮುಚ್ಚುವ ಹೊತ್ತಿನಿಂದ. ಅಳಿವೆಯ ಬದಿಯ ಗದ್ದೆಗಳಿಗೆ ತೂಬಿನಿಂದ ನೀರು ಬಿಡುವುದನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಭರತದ ನೀರು ನುಗ್ಗುತ್ತಿರುವಷ್ಟು ಹೊತ್ತು ತೂಬು ತೆರೆದಿರಬೇಕು. ಇಳಿತ ತೊಡಗಿದ ಮೇಲೂ ತೆರೆದಿಟ್ಟರೆ ಬಂದ ನೀರೇ ಹಿಂದಿರುಗುವುದು. ಪಿಸ್ಟನ್ ಕೆಳತುದಿಯನ್ನು ಮುಟ್ಟಿ ಮೇಲೇರಲು ತೊಡಗಿದ ಮೇಲೂ ಒಳಗವಾಟ ಸ್ವಲ್ಪ ಹೊತ್ತು ತೆರೆದೇ ಇರುವುದು. ಯಂತ್ರ ವೇಗವಾಗಿ ಸುತ್ತುವಾಗ ಒಳನುಗ್ಗುವ ಮಿಶ್ರಣದ ರಭಸ ದೊಡ್ಡದು; ತಡವಾಗಿ ಮುಚ್ಚಿದರೆ ಇನ್ನಷ್ಟು ತುಂಬಿಕೊಳ್ಳುವುದು. ನಿಧಾನವಾಗಿ ಸುತ್ತುವಾಗ ಆ ರಭಸವಿಲ್ಲದೆ, ಬಂದ ಮಿಶ್ರಣವನ್ನು ಪಿಸ್ಟನ್ನೇ ಹಿಂದಕ್ಕೆ ತಳ್ಳಿಬಿಡುವುದು. ಆದುದರಿಂದ ಕ್ಯಾಮಿನ ಪಟ್ಟಿಯಲ್ಲಿ ಮೊದಲು ನೋಡಬೇಕಾದುದು ಕೆಳತುದಿಯಿಂದ ಎಷ್ಟು ಡಿಗ್ರಿ ದಾಟಿ ಒಳಗವಾಟ ಮುಚ್ಚುವುದೆಂಬ ಸಂಖ್ಯೆ. ಕವಾಟವನ್ನೆತ್ತುವ ಟ್ಯಾಪೆಟ್ 0.053 ಅಂಗುಲ ಎದ್ದಿರುವಾಗ ಅಳೆಯುವುದು ಈ ಯಂತ್ರಗಳ ರೂಢಿ. ಆ ಅಳತೆಯಲ್ಲಿ 30ರಿಂದ 38ರವರೆಗಿನವು ಕೆಳಗಿನ ಸುತ್ತುಗಳ ಬಲಕ್ಕೆ ಒಗ್ಗುವುವು. 45ನ್ನು ಮೀರಿದವು ಹೆಚ್ಚು ಸಂಪೀಡನೆಯುಳ್ಳ, ಎತ್ತರದ ಸುತ್ತುಗಳಲ್ಲಿ ದುಡಿಯುವ ಯಂತ್ರಗಳಿಗೆ ತಕ್ಕವು. ಕಾರ್ಖಾನೆಯಿಂದ ಬಂದ 88ರ ಸಂಪೀಡನೆಯು ಸುಮಾರು 9ಕ್ಕೆ 1 ಮಾತ್ರ.

ಎರಡನೆಯದಾಗಿ ಕವಾಟದ ಎತ್ತರ. 1999ರಿಂದ 2004ರವರೆಗಿನ ಮಾದರಿಗಳ ಮೂಲ ಸ್ಪ್ರಿಂಗುಗಳು ಸುಮಾರು 0.510 ಅಂಗುಲದ ಎತ್ತರವನ್ನಷ್ಟೇ ತಾಳಿಕೊಳ್ಳುವುವು. ಅದನ್ನು ಮೀರಿದ ಕ್ಯಾಮ್ ಕೊಂಡರೆ ಸ್ಪ್ರಿಂಗುಗಳನ್ನೂ ಕೊಳ್ಳಬೇಕು, ತಲೆಗಳನ್ನೂ ಬಿಚ್ಚಬೇಕು. ಖರ್ಚು ಕಣ್ಣಿಗೆ ಕಾಣದೆ ಬೆಳೆಯುವುದು ಹೀಗೆ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಹಳೆಯ 88ರಲ್ಲಿ ಕ್ಯಾಮುಗಳನ್ನು ತಿರುಗಿಸುವ ಸರಪಣಿಗಳನ್ನು ಬಿಗಿಹಿಡಿಯಲು ಸ್ಪ್ರಿಂಗಿನಿಂದ ಒತ್ತುವ ಪ್ಲಾಸ್ಟಿಕ್ ಪಾದುಕೆಗಳಿವೆ. ಹಲವು ಗಾಡಿಗಳಲ್ಲಿ 25,000 ಮೈಲಿಗಳ ಆಸುಪಾಸಿನಲ್ಲಿಯೇ ಅವು ಸವೆದುದು ಕಂಡುಬಂದಿದೆ. ಸವೆದ ಚೂರುಗಳು ಎಣ್ಣೆಯ ಪಂಪನ್ನು ಸೇರಿದರೆ ಯಂತ್ರವೇ ಹಾಳಾದೀತು. 2007ರಿಂದ ಎಲ್ಲ ಮಾದರಿಗಳಿಗೂ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಸುಧಾರಿತ ವ್ಯವಸ್ಥೆ ಬಂದಿತು. ಹಳೆಯ ಯಂತ್ರಕ್ಕೂ ಅದನ್ನು ಅಳವಡಿಸುವ ಸಾಮಗ್ರಿ ದೊರೆಯುವುದು. ಮಗನ ಗಾಡಿಗೆ ಇಪ್ಪತ್ತು ವರ್ಷಗಳ ಮೇಲಾದುವು. ಕ್ಯಾಮಿನ ಕೋಣೆಯ ಮುಚ್ಚಳ ತೆರೆಸಿ ಆ ಪಾದುಕೆಗಳನ್ನು ನೋಡಿಸುವುದೇ ಮೊದಲ ಕೆಲಸವಾಗಲಿ. ಕ್ಯಾಮ್ ಬದಲಿಸುವುದಾದರೆ ಒಳಬದಿಯ ಬೇರಿಂಗುಗಳನ್ನೂ ಹೊಸದಾಗಿ ಹಾಕಿಸತಕ್ಕದ್ದು; ಮತ್ತೊಮ್ಮೆ ಬಿಚ್ಚುವ ಕೂಲಿ ಉಳಿಯುವುದು. ಬಳಿಕ ಇಂಧನದ ಪ್ರಮಾಣವನ್ನು ಹೊಂದಿಸದಿದ್ದರೆ ಒಳ್ಳೆಯ ಕ್ಯಾಮೂ ಸೊರಗುವುದು. ಹೊಗೆಯ ಬಗೆಗಿನ ಅಲ್ಲಿನ ಕಾನೂನು ಆ ಸಾಮಗ್ರಿಯನ್ನು ಒಪ್ಪುವುದೇ ಎಂಬುದನ್ನೂ ಕೊಳ್ಳುವ ಮೊದಲೇ ವಿಚಾರಿಸಬೇಕು.

ತಾಯಿಯವರ ಭಯಕ್ಕೆ ನನ್ನ ಉತ್ತರವಿಷ್ಟು. ಸರಿಯಾಗಿ ಆರಿಸಿದ ಕ್ಯಾಮ್ ಮಗನನ್ನು ವೇಗದ ಹುಚ್ಚಿಗೆ ದೂಡದು. ಹಿಂದೆ ಒಬ್ಬರನ್ನು ಕೂಡಿಸಿಕೊಂಡು ಏರು ಹತ್ತುವಾಗ, ಲಾರಿಯೊಂದನ್ನು ದಾಟುವಾಗ, ಗೇರು ಇಳಿಸದೆಯೇ ಬಲ ಒದಗಿಸುವುದು. ಅತಿ ದೊಡ್ಡ ಕ್ಯಾಮಿನ ಗತಿ ಬೇರೆ. ಕೊಟ್ಟ ಹಣಕ್ಕೆ ಫಲ ಕಾಣಬೇಕಾದರೆ ಸವಾರನು 5000 ಸುತ್ತಿನತ್ತ ಓಡಲೇಬೇಕು. ಅಂತಹ ಓಟ ಊರ ರಸ್ತೆಗೆ ಸಲ್ಲದು. ಅಪಾಯ ಅಡಗಿರುವುದು ಅಲ್ಲಿ.

ಆದುದರಿಂದ ಮಗನಿಗೆ ಬೇಡವೆಂದು ಬರೆಯಬೇಡಿ, ಹೂಂ ಎಂದೂ ಒಮ್ಮೆಗೇ ಬರೆಯಬೇಡಿ. “ಪಾದುಕೆಗಳನ್ನು ನೋಡಿಸಿದೆಯಾ? ನಿನ್ನ ಕ್ಯಾಮ್ ಎಷ್ಟು ಡಿಗ್ರಿಗೆ ಮುಚ್ಚುವುದು?” ಎಂದು ಕೇಳಿರಿ. ಉತ್ತರಿಸಬಲ್ಲನಾದರೆ ಅವನು ಯೋಚಿಸಿಯೇ ಹೊರಟಿರುವನು. ತಡವರಿಸಿದರೆ, ಕೊಳ್ಳುವ ಕೆಲಸ ಇನ್ನೊಂದು ತಿಂಗಳು ಕಾಯಲಿ.