ಇಂದಾಪುರದ ನೀರು, ಅಫಜಲಪುರದ ಪಾಡು

ಹವಾಮಾನ ವೈಪರೀತ್ಯಕ್ಕೆ ಒಂದು ನಾಡು ಎಷ್ಟು ಸುಲಭವಾಗಿ ಈಡಾಗುತ್ತದೆ ಎಂಬುದನ್ನು ಅಳೆಯುವಾಗ ಅಲ್ಲಿ ಬರ–ನೆರೆಗಳು ಎಷ್ಟು ಬಾರಿ ಬಡಿಯುತ್ತವೆ, ಜನರ ಬದುಕು ಅವುಗಳಿಂದ ಎಷ್ಟು ಕದಡುತ್ತದೆ, ಮತ್ತೆ ಚೇತರಿಸಿಕೊಳ್ಳುವ ಶಕ್ತಿ ಎಷ್ಟಿದೆ ಎಂಬ ಮೂರನ್ನೂ ತಜ್ಞರು ಒಟ್ಟಿಗೆ ನೋಡುತ್ತಾರೆ. ದೇಶದೇಶಗಳನ್ನು ಹೋಲಿಸಲು ಬಳಕೆಯಾಗುವ ಈ ಅಳತೆಯನ್ನು ಭೀಮಾ ತೀರದ ಎರಡು ತಾಲ್ಲೂಕುಗಳಿಗೆ, ಪುಣೆ ಜಿಲ್ಲೆಯ ಇಂದಾಪುರಕ್ಕೂ ಕಲಬುರಗಿ ಜಿಲ್ಲೆಯ ಅಫಜಲಪುರಕ್ಕೂ, ಅನ್ವಯಿಸಿ ನೋಡಬೇಕಾದ ಕಾಲ ಬಂದಿದೆ.

ಇಂದಾಪುರವು ಸಹ್ಯಾದ್ರಿಯ ಮಳೆನೆರಳಿನ ಸೀಮೆ. ಆದರೂ ಭೀಮಾ ನದಿಗೆ ಕಟ್ಟಿದ, 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿನ ಹಿನ್ನೀರು ತಾಲ್ಲೂಕಿನ ಅಂಚಿಗೆ ಹರಡಿಕೊಂಡಿರುವುದರಿಂದ ಅಲ್ಲಿ ಕಬ್ಬು ಬೆಳೆಯುತ್ತದೆ, ಸಕ್ಕರೆ ಕಾರ್ಖಾನೆಗಳು ನಡೆಯುತ್ತವೆ. ಉಜನಿಯ ಒಟ್ಟು ಸಂಗ್ರಹ ಸುಮಾರು 117 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಅಂದರೆ 63 ಟಿಎಂಸಿಗೂ ಮಿಕ್ಕಿದ ನೀರು, ಡೆಡ್ ಸ್ಟೋರೇಜ್ ಎನಿಸಿಕೊಳ್ಳುವ ತಳದ ನೀರಾಗಿದ್ದು, ಮಟ್ಟ ಅದಕ್ಕಿಂತ ಕೆಳಗಿಳಿದರೆ ಉಜನಿ ‘ಮೈನಸ್’ಗೆ ಹೋಯಿತೆಂದು ಅಲ್ಲಿನವರು ಹೇಳುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಬರಪೀಡಿತವೆಂದು ಘೋಷಿಸಿದ 40 ತಾಲ್ಲೂಕುಗಳಲ್ಲಿ ಇಂದಾಪುರವೂ ಇತ್ತು. ಮರುವರ್ಷದ ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಂತೆಲ್ಲ ರೈತರು ಪಂಪ್‌ಸೆಟ್ಟು, ಪೈಪು, ಕೇಬಲ್ಲುಗಳನ್ನು ಕೆಸರಿನ ಮೇಲೆ ಮುಂದಕ್ಕೆ ಎಳೆಯಬೇಕಾಯಿತು. ಮುಳುಗಿದ್ದ ಪಳಸದೇವದ ದೇಗುಲವೂ ಹೊರಗೆ ಕಂಡಿತು.

ಇಷ್ಟಾದರೂ ಇಂದಾಪುರಕ್ಕೆ ತಳದ ನೀರಿನ ಆಸರೆಯಾದರೂ ಇದೆ; ಕೆಳದಂಡೆಯ ಅಫಜಲಪುರಕ್ಕೆ ಭೀಮೆಯ ಸೊನ್ನ ಬ್ಯಾರೇಜಿನ ಆಚೆಗೆ ಅಂಥ ಆಸರೆಯಿಲ್ಲ. 2025ರ ಮಾರ್ಚ್ 31ರಂದು ಕರ್ನಾಟಕದ ಮುಖ್ಯಮಂತ್ರಿಗಳು ಉಜನಿಯಿಂದ ಒಂದು ಟಿಎಂಸಿ ನೀರು ಬಿಡುವಂತೆ ಮಹಾರಾಷ್ಟ್ರಕ್ಕೆ ಪತ್ರ ಬರೆದರು. ಅದೇ ವರ್ಷದ ಸೆಪ್ಟೆಂಬರ್ ಅಂತ್ಯದಲ್ಲಿ ಮೇಲಿನ ಅಣೆಕಟ್ಟುಗಳ ಹೊರಹರಿವಿಗೆ ಸೀನಾ ನದಿಯ ಪ್ರವಾಹವೂ ಸೇರಿ ಭೀಮಾ ತೀರದ ತೊಗರಿ ಹೊಲಗಳು ಮುಳುಗಿದವು. ಇಂದಾಪುರ ತಾಲ್ಲೂಕಿನ ನರಸಿಂಗಪುರದಲ್ಲಿ ನೀರಾ ನದಿಯು ಉಜನಿಯ ಕೆಳಗೆ ಭೀಮೆಯನ್ನು ಸೇರುವುದರಿಂದ, ಉಜನಿಯ ಲೆಕ್ಕವೊಂದನ್ನೇ ನಂಬಿ ಕುಳಿತವರಿಗೆ ನೀರಾ ನದಿಯ ವೀರ್ ಅಣೆಕಟ್ಟಿನ ಹೊರಹರಿವು ತಿಳಿಯುವುದೇ ಇಲ್ಲ ಎಂಬುದು ಗಂಭೀರ ಸಂಗತಿ.

ಮೇಲ್ದಂಡೆಯ ನೀರಿನ ಇಂಥದೇ ಇಕ್ಕಟ್ಟು ಬೇರೆಡೆಯೂ ಇತ್ತು: ರೈನ್ ನದಿಯ ಕೆಳದಂಡೆಯಲ್ಲಿರುವ ನೆದರ್‌ಲೆಂಡ್ಸ್ 1995ರ ನೆರೆಯಲ್ಲಿ ಸುಮಾರು ಎರಡೂವರೆ ಲಕ್ಷ ಜನರನ್ನು ತೆರವುಗೊಳಿಸಬೇಕಾಯಿತು. 1998ರಲ್ಲಿ ಅದು ಮೇಲ್ದಂಡೆಯ ಜರ್ಮನಿ ಮೊದಲಾದ ದೇಶಗಳೊಂದಿಗೆ ಸೇರಿ, ಮುನ್ಸೂಚನೆಯನ್ನೂ ನದಿಗೆ ಜಾಗ ಬಿಡುವುದನ್ನೂ ಒಳಗೊಂಡ ಜಂಟಿ ನೆರೆ ಯೋಜನೆಯನ್ನು ಒಪ್ಪಿಕೊಂಡಿತು. ಬೇರೆ ಬೇರೆ ದೇಶಗಳಿಗೆ ಸಾಧ್ಯವಾದುದು ಒಂದೇ ದೇಶದ ಎರಡು ರಾಜ್ಯಗಳಿಗೆ ಅಸಾಧ್ಯವೆಂದು ಹೇಳಲು ಯಾವ ಸಮರ್ಥನೆಯೂ ಇಲ್ಲ.

ಆದ್ದರಿಂದ ಭೀಮಾ ತೀರದ ಕನ್ನಡಿಗರು, ಅಫಜಲಪುರ, ಜೇವರ್ಗಿ, ಇಂಡಿಯವರಷ್ಟೇ ಅಲ್ಲದೆ ಸೊಲ್ಲಾಪುರದಲ್ಲಿ ನೆಲೆಸಿದವರೂ, ತಮ್ಮ ಗ್ರಾಮಸಭೆ ಮತ್ತು ಸಂಘಗಳಲ್ಲಿ ಒಂದು ಬೇಡಿಕೆಯನ್ನು ಮುಂದಿಡಬೇಕೆಂದು ಕಳಕಳಿಯ ಮನವಿ: ಉಜನಿ, ವೀರ್ ಅಣೆಕಟ್ಟುಗಳ ಹೊರಹರಿವು ಮತ್ತು ಸೀನಾ ನದಿಯ ಹರಿವಿನ ವಿವರ ಮಳೆಗಾಲದಲ್ಲಿ ಪ್ರತಿದಿನ ಮರಾಠಿ–ಕನ್ನಡ ಎರಡರಲ್ಲೂ ನದಿದಂಡೆಯ ಪ್ರತಿ ಪಂಚಾಯಿತಿಗೆ ತಲುಪಲಿ, ಬೇಸಿಗೆಯ ನೀರು ಬಿಡುಗಡೆಯ ದಿನಾಂಕಗಳನ್ನು ಎರಡೂ ರಾಜ್ಯಗಳು ಪತ್ರ ಬರೆಯುವ ಹೊತ್ತಿಗಲ್ಲ, ಮಳೆಗಾಲ ಮುಗಿದ ಕೂಡಲೇ ಗೊತ್ತುಪಡಿಸಲಿ, ಆ ದಿನಾಂಕಗಳನ್ನು ನೋಡಿಕೊಂಡೇ ಇಂದಾಪುರದ ರೈತರೂ ಅಫಜಲಪುರದ ರೈತರೂ ಎಷ್ಟು ಎಕರೆಗೆ ಕಬ್ಬು ಹಾಕಬೇಕೆಂಬುದನ್ನು ತೀರ್ಮಾನಿಸಲಿ.